ದರ್ಜಿಯ ಬೆಂಚಿನವರೆಗೆ, ದಿನಕ್ಕೆ ಎರಡು ಬಾರಿ

ಮಾರ್ಚ್ ೩, ಸೋಮವಾರ

ಈ ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಮೂವತ್ತು ವರ್ಷದಿಂದ ಹಾಗೆಯೇ ನಡೆದುಕೊಂಡು ಬಂದಿದೆ. ಇವತ್ತು ಔಷಧಿ ಅಂಗಡಿಯ ಒಬ್ಬ ಹುಡುಗಿ, ನನ್ನ ಮುಖವನ್ನೇ ನೋಡದವಳು, ನನಗೆ ಅಪ್ಪಣೆ ಹೇಳಿ ಕಳಿಸಿದ್ದಾಳೆ.

ಸೊಸೆ ತಿಂಗಳ ಮಾತ್ರೆ ತರಲು ಹೋಗಿದ್ದಳು. ಯಾವಾಗಲೂ ಮೂವತ್ತು ದಿನದ್ದು ಒಟ್ಟಿಗೇ ಬರುತ್ತದೆ. ಇವತ್ತು ಬಂದದ್ದು ಏಳೇ ದಿನದ್ದು.

"ಉಳಿದದ್ದು ಎಲ್ಲಿ?" ಎಂದೆ.

"ಕೊಡ್ಲಿಲ್ಲ ಅತ್ತೆ. ಡಾಕ್ಟ್ರು ಬಿಪಿ ಮಾತ್ರೆ ಜಾಸ್ತಿ ಮಾಡಿದಾರಲ್ಲ, ಒಂದಷ್ಟು ದಿನ ವಾರ ವಾರ ಬಿಪಿ ನೋಡ್ಬೇಕಂತೆ. ಮುಂದಿನ ವಾರ ನೀವೇ ಬರ್ಬೇಕಂತೆ."

"ಯಾರ ಹುಕುಂ ಇದು?"

"ಮೆಡಿಕಲ್ ಅವರದ್ದು. ಹಳೇ ಯಜಮಾನರ ಮಗಳು. ಈಗ ಅವರೇ ಕೂರೋದು."

"ನನಗೆ ಮೊಣಕಾಲು ನೋವು ಅಂತ ಹೇಳಲಿಲ್ಲವಾ?"

"ಹೇಳ್ದೆ. ಹಾಗಾದ್ರೆ ಬರ್ಲೇಬೇಕು ಅಂದ್ರು. ದಿನಕ್ಕೆ ಎಷ್ಟು ನಡೀತಾರೆ ಅಂತ ಕೇಳಿದ್ರು."

"ನೀನೇನು ಹೇಳಿದೆ?"

ಸೊಸೆ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಳು. "ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ ಅಂದೆ."

ಮೈಯೆಲ್ಲ ಉರಿದು ಹೋಯಿತು. ಹನ್ನೊಂದು ವರ್ಷದಿಂದ ತುಟಿ ಪಿಟಕ್ಕೆನ್ನದೆ ಇದ್ದವಳು ಮನೆಯ ಮಾತನ್ನು ಅಂಗಡಿಯಲ್ಲಿ ಹೇಳಿ ಬಂದಿದ್ದಾಳೆ. ನನ್ನ ಕುರ್ಚಿ ಹಾಲ್‌ನಲ್ಲಿದೆ. ಅಲ್ಲಿಂದ ಅಡುಗೆಮನೆಯೂ ಕಾಣುತ್ತದೆ, ಗೇಟೂ ಕಾಣುತ್ತದೆ. ಮನೆ ನಡೆಸುವವಳಿಗೆ ಇನ್ನೆಲ್ಲಿಗೆ ಹೋಗುವ ಕೆಲಸವಿದೆ?

ನಿನ್ನೆ ತಿಂಗಳ ಮೊದಲ ಭಾನುವಾರ. ಮಗ ಕಾರಿನಲ್ಲಿ ಅಕ್ಕನ ಮನೆಯ ಕೆಳಗೆ ಕರೆದುಕೊಂಡು ಹೋಗಿದ್ದ. ಅವಳು ಮೂರನೇ ಮಹಡಿಯಲ್ಲಿ, ತನ್ನ ಮಗನ ಜೊತೆ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅವಳ ಕೈಲಿ ಇಳಿಯಲಾಗುವುದಿಲ್ಲ, ನನ್ನ ಕೈಲಿ ಹತ್ತಲಾಗುವುದಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಅವಳ ಕಿವಿ ಪೂರ್ತಿ ಹೋಗಿದೆ. ಹದಿನಾಲ್ಕು ತಿಂಗಳಿಂದ ನಮ್ಮದು ಹೀಗೆ: ನಾನು ಕಾರಿನ ಬಾಗಿಲು ತೆಗೆದು ಕೂರುತ್ತೇನೆ, ಅವಳು ಬಾಲ್ಕನಿಗೆ ಬಂದು ತರಕಾರಿ ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಾಳೆ. ಬುಟ್ಟಿಯಲ್ಲಿ ಏನಾದರೂ ಇರುತ್ತದೆ. ನಿನ್ನೆ ಮೊಣಕಾಲಿಗೆ ಕಟ್ಟಿಕೊಳ್ಳಲು ಅವಳೇ ಹೆಣೆದ ಉಣ್ಣೆಯ ಪಟ್ಟಿ. ನಾನು ಬುಟ್ಟಿಯಲ್ಲಿ ಹಣ್ಣು ಇಟ್ಟೆ. ಅವಳು ಮೇಲಿಂದ ಏನೋ ಕೂಗಿದಳು. ಗಾಡಿಗಳ ಸದ್ದಿನಲ್ಲಿ ಕೇಳಿಸಲಿಲ್ಲ.

ಅಮ್ಮ ಹೋದಾಗ ನನಗೆ ನಾಲ್ಕು, ಅವಳಿಗೆ ಹನ್ನೊಂದು. ನನ್ನ ತಲೆ ಬಾಚಿದವಳು, ಅಕ್ಷರ ಕಲಿಸಿದವಳು, ಇವಳು ಹೈಸ್ಕೂಲು ಮುಗಿಸಲೇಬೇಕು ಎಂದು ಅಪ್ಪನೆದುರು ನಿಂತವಳು ಅವಳೇ. ಇದನ್ನು ಯಾರಿಗೂ ಹೇಳಬೇಕಾಗಿಲ್ಲ. ಬರೆದಿಟ್ಟೆ, ಅಷ್ಟೆ.

ಮಾರ್ಚ್ ೪, ಮಂಗಳವಾರ

ಹೋಗುವುದಿಲ್ಲ.

ಮಾರ್ಚ್ ೧೦, ಸೋಮವಾರ

ಹೋದೆ. ಬೈದು ಬರಲು ಹೋದದ್ದು. ಮಾತ್ರೆ ಮುಗಿದಿತ್ತು, ಮಗ ಕಾರು ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದ. ಸಂಜೆಯವರೆಗೆ ಕಾದರೆ ಬೈಗುಳದ ಬಿಸಿ ಆರಿ ಹೋಗುತ್ತದೆ ಎಂದು ಸೊಸೆಯನ್ನು ಕರೆದುಕೊಂಡು ಹೊರಟೆ.

ದಾರಿ ದೊಡ್ಡದೇನಲ್ಲ. ಮೊದಲು ದರ್ಜಿಯ ಅಂಗಡಿ, ಆಮೇಲೆ ಅಂಚೆ ಪೆಟ್ಟಿಗೆ, ಆಮೇಲೆ ಔಷಧಿ ಅಂಗಡಿ, ಅದರಾಚೆ ಪಾರ್ಕು. ಮೊದಲು ಇದೇ ದಾರಿಯಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ಓಡಾಡಿದವಳು ನಾನು. ದರ್ಜಿಯ ಅಂಗಡಿಯ ಮುಂದೆ ಒಂದು ಬೆಂಚಿದೆ. ಸೊಸೆಗೆ ಸುಸ್ತಾದ ಹಾಗೆ ಕಂಡಿತು. ಅದಕ್ಕೆ ಕೂತೆ.

"ಏನಮ್ಮಾ, ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದು ದರ್ಜಿ ಒಳಗಿಂದಲೇ ಕೇಳಿದ. ಹೊಲಿಗೆ ಯಂತ್ರದ ಮುಂದೆ ಕೂತೂ ಕೂತೂ ಅವನ ಹೊಟ್ಟೆ ಯಂತ್ರಕ್ಕೇ ತಾಗುತ್ತಿದೆ.

"ಮನೆಯಲ್ಲೇ ಇದ್ದೆ. ನಿನ್ನ ಹಾಗೆ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿಲ್ಲ" ಎಂದೆ.

ಅಂಗಡಿಗೆ ಮೂರು ಮೆಟ್ಟಿಲು. ಹತ್ತುವಾಗ ಹುಡುಗಿ ಬಂದು ಕೈ ಹಿಡಿಯಬಹುದು, ಹಿಡಿದರೆ ಅಲ್ಲೇ ಗದರಿಸಬೇಕು ಎಂದುಕೊಂಡೆ. ಅವಳು ಹಿಡಿಯಲಿಲ್ಲ. ಕಂಬಿಯನ್ನು ತೋರಿಸಿ, "ಅದನ್ನ ಹಿಡ್ಕೊಳ್ಳಿ ಅಮ್ಮ, ಗಟ್ಟಿಯಾಗಿದೆ" ಎಂದಳು. ಹುಡುಗಿ ಎಂದರೆ ಮೂವತ್ತೈದು ಇರಬೇಕು. ಬಿಳಿ ಕೋಟು, ಕಿವಿಯ ಮೇಲೆ ಪೆನ್ನು. ನೀರು ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿದಳು. ತಯಾರು ಮಾಡಿಕೊಂಡು ಹೋದ ಮಾತೆಲ್ಲ ಆ ಐದು ನಿಮಿಷದಲ್ಲಿ ಹಳಸಿ ಹೋಯಿತು. ಬಿಪಿ ನೂರ ಐವತ್ತೆಂಟು.

"ಡಾಕ್ಟ್ರ ಚೀಟಿ ಕೆಳಗೆ ಏನು ಬರೆದಿದಾರೆ ಗೊತ್ತಾ ಅಮ್ಮ? ನಿಧಾನವಾಗಿ ನಡೆಯಬೇಕು ಅಂತ. ಅವರಿಗೆ ಫೋನ್ ಮಾಡಿ ಕೇಳಿದೆ. ಸವೆದ ಮೊಣಕಾಲು ಕೂತಷ್ಟೂ ಹಿಡ್ಕೊಳ್ಳುತ್ತೆ ಅಂದ್ರು."

"ನನಗೆ ಎಲ್ಲಿಗೂ ಹೋಗಬೇಕಾಗಿಲ್ಲ."

"ಎಲ್ಲಿಗೂ?"

"ದೊಡ್ಡಮ್ಮನ ಮನೆಗೆ ಹೋಗ್ಬೇಕು ಅವರಿಗೆ" ಎಂದಳು ಸೊಸೆ. "ಅತ್ತೆಯ ಅಕ್ಕ. ಮೂರನೇ ಮಹಡಿ."

ನಾನು ನೋಡಿದ ನೋಟಕ್ಕೆ ಅವಳು ಕೆಮ್ಮಿನ ಔಷಧಿಯ ಸೀಸೆಗಳನ್ನು ಎಣಿಸತೊಡಗಿದಳು.

"ಎಷ್ಟು ಮೆಟ್ಟಿಲಮ್ಮ?"

"ಐವತ್ತೊಂದು" ಎಂದೆ. ಬಾಯಿ ತಪ್ಪಿ ಬಂತು.

ಹುಡುಗಿ ಮಾತ್ರೆ ಹಾಕಿಕೊಡುವ ಒಂದು ಕಾಗದದ ಕವರು ತೆಗೆದುಕೊಂಡಳು. ಅದರ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬಿಡಿಸಿದಳು. ಓದಲು ಬಾರದವರಿಗಾಗಿ ಎಲ್ಲ ಕವರಿನ ಮೇಲೂ ಹಾಗೆ ಬಿಡಿಸುತ್ತಾಳಂತೆ. ನನಗೆ ಓದಲು ಬರುತ್ತದೆ ಎಂದೆ. ನಕ್ಕು, ಕೆಳಗೆ ಬರೆದಳು: "ಮನೆಯಿಂದ ದರ್ಜಿಯ ಬೆಂಚಿನವರೆಗೆ. ಬೆಳಿಗ್ಗೆ ೧, ಸಂಜೆ ೧. ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿ." ಹಿಂದುಗಡೆ ದಿನಕ್ಕೊಂದರಂತೆ ಏಳು ಮನೆ ಗೀಟು ಹಾಕಿದಳು. ಕವರಿಗೆ ಪಿನ್ನು ಹೊಡೆದು ನನ್ನ ಕೈಗಿಟ್ಟಳು.

"ಇದು ಖಾಲಿ ಇದೆಯಲ್ಲ!"

"ನುಂಗೋ ಔಷಧಿ ಅಲ್ಲಮ್ಮ, ಅದಕ್ಕೆ ಖಾಲಿ. ಮುಗಿದ ಮೇಲೆ ಕವರು ವಾಪಸ್ ತನ್ನಿ. ಮುಂದಿನ ವಾರದ್ದು ಬರೆದುಕೊಡ್ತೀನಿ. ನೀವೇ ಬರಬೇಕು."

ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದರೆ ಹಾಸ್ಯವಿರಲಿಲ್ಲ.

ಔಷಧಿ ಕವರಿನ ಮೇಲೆ ಬರೆದದ್ದನ್ನು ನಾನು ಒಂದು ದಿನವೂ ತಪ್ಪಿಸಿದವಳಲ್ಲ. ನಮ್ಮನೆಯವರು ಹಾಗಿರಲಿಲ್ಲ. "ಇವತ್ತೊಂದು ದಿನ ಬೇಡ ಬಿಡು" ಎನ್ನುತ್ತಿದ್ದರು. ಹಾಗೆ ಬಿಟ್ಟೂ ಬಿಟ್ಟೂ ಅರವತ್ತಕ್ಕೇ ಹೋದರು. ಅವತ್ತಿನಿಂದ ಈ ಮನೆಯಲ್ಲಿ ಕವರಿನ ಮೇಲೆ ಬರೆದದ್ದೆಂದರೆ ಬರೆದದ್ದೇ. ಖಾಲಿ ಕವರಾದರೇನು.

ಮಾರ್ಚ್ ೧೧, ಮಂಗಳವಾರ

ಬೆಂಚಿನವರೆಗೆ ೧. ಬೆಂಚಿನವರೆಗೆ ೧. ಎರಡು ಗುರುತು ಹಾಕಿದೆ. ನೋವಿದೆ.

ಸೊಸೆಗೆ ನಾಯಿಗಳೆಂದರೆ ಭಯ. ಪಾಪ ಎಂದು ಅವಳ ತೋಳು ಹಿಡಿದುಕೊಂಡೇ ಹೋಗಿ ಬಂದೆ.

ಮಾರ್ಚ್ ೧೭, ಸೋಮವಾರ

ಏಳೂ ಮನೆ ತುಂಬಿದ ಕವರನ್ನು ಹುಡುಗಿಯ ಮುಂದೆ ಇಟ್ಟೆ. ಅವಳು ಅದನ್ನು ಹಿಂದೆ ಮುಂದೆ ನೋಡಿ, ಗೋಡೆಯ ಮೇಲಿನ ಮೊಳೆಗೆ ಸಿಕ್ಕಿಸಿದಳು. ಅಲ್ಲಿ ಇನ್ನೂ ಹತ್ತು ಹದಿನೈದು ಕವರುಗಳಿದ್ದವು. ಹಾಗಾದರೆ ಈ ಬೀದಿಯಲ್ಲಿ ಖಾಲಿ ಕವರು ಹಿಡಿದುಕೊಂಡು ಓಡಾಡುವವಳು ನಾನೊಬ್ಬಳೇ ಅಲ್ಲ. ದರ್ಜಿಗೂ ಕೊಟ್ಟಿದ್ದಾಳಂತೆ, ಸಕ್ಕರೆ ಕಾಯಿಲೆ ಶುರುವಾಗಿದೆಯಂತೆ ಅವನಿಗೆ.

"ಚಪ್ಪಲಿ ಬೇಡಮ್ಮ, ಹಿಮ್ಮಡಿ ಹಿಡಿದುಕೊಳ್ಳೋ ಬೂಟು ತಗೊಳ್ಳಿ" ಎಂದಳು.

"ಈ ವಯಸ್ಸಿಗೆ ಬೂಟೇ? ಸೈನ್ಯಕ್ಕೆ ಸೇರಿಸುತ್ತೀಯಾ ನನ್ನನ್ನು?"

"ಸೇರಿಸಿದ್ರೆ ನೀವು ಸಿಪಾಯಿ ಆಗಲ್ಲಮ್ಮ. ಸೀದಾ ಸೇನಾಪತಿನೇ."

ನಗು ಬಂತು. ತೋರಿಸಿಕೊಳ್ಳಲಿಲ್ಲ. ಈ ವಾರ ಅಂಚೆ ಪೆಟ್ಟಿಗೆಯವರೆಗೆ. "ಪೆಟ್ಟಿಗೆ" ಎಂಬಲ್ಲಿ ಒತ್ತಕ್ಷರ ಬಿಟ್ಟಿದ್ದಳು, ಅಲ್ಲೇ ತಿದ್ದಿಸಿದೆ.

ಮಾರ್ಚ್ ೨೦, ಗುರುವಾರ

ಸೊಸೆ ಬೂಟು ತಂದಳು. ನೀಲಿ ಬಣ್ಣ. ದಾರ ಮಾತ್ರ ಹಳದಿ. ನೋಡಿದರೆ ಹಕ್ಕಿ ಬಂದು ಕೂತ ಹಾಗಿದೆ. ಬೇರೆ ಬಣ್ಣ ಇರಲಿಲ್ಲವೇ ಎಂದರೆ, "ಇದು ನನಗೆ ಇಷ್ಟ ಆಯ್ತು ಅತ್ತೆ" ಎಂದಳು. ಅವಳಿಗೆ ನೀಲಿ ಇಷ್ಟವೆಂದು ಹನ್ನೊಂದು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಕೇಳಿರಲೂ ಇಲ್ಲ.

ಮಾರ್ಚ್ ೨೪, ಸೋಮವಾರ

ಅಂಗಡಿಯಲ್ಲಿ ಇವತ್ತು ಜನವೋ ಜನ. ಹುಡುಗಿ ಒಬ್ಬರಿಗೆ ಮಾತ್ರೆ ಕಟ್ಟುತ್ತ, ಇನ್ನೊಬ್ಬರಿಗೆ ಬರೆಯುತ್ತ, ಕೈ ನಾಲ್ಕಿದ್ದರೂ ಸಾಲದು ಎನ್ನುವಂತಿದ್ದಳು. ದರ್ಜಿಯೂ ಪಕ್ಕದಲ್ಲಿ ನಿಂತಿದ್ದ. ನನಗೆ ಕಾದು ಅಭ್ಯಾಸವಿಲ್ಲ. ಮಾತ್ರೆಯನ್ನು ಅವಳು ಕೈಗೆ ಕೊಟ್ಟ ಮೇಲೆ, ಮೇಜಿನ ಮೇಲೆ ಬರೆದಿಟ್ಟಿದ್ದ ಖಾಲಿ ಕವರು ಎತ್ತಿಕೊಂಡು ಬಂದೆ.

ಮನೆಗೆ ಬಂದು ಕನ್ನಡಕ ಹಾಕಿ ನೋಡುತ್ತೇನೆ: "ಪಾರ್ಕಿಗೆ ಹೋಗಿ, ಬಿರುಸಾಗಿ ಒಂದು ಪೂರ್ತಿ ಸುತ್ತು. ಬೆಳಿಗ್ಗೆ ೧, ಸಂಜೆ ೧."

ಇವಳಿಗೆ ತಲೆ ನೆಟ್ಟಗಿದೆಯೇ? ಹೋದ ವಾರ ಅಂಚೆ ಪೆಟ್ಟಿಗೆ, ಈ ವಾರ ಪಾರ್ಕು!

"ಫೋನ್ ಮಾಡಿ ಕೇಳ್ಲಾ ಅತ್ತೆ?" ಎಂದಳು ಸೊಸೆ.

ಕೇಳುವುದೆಂದರೆ ನನ್ನ ಕೈಲಾಗುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. "ಬೇಡ" ಎಂದೆ.

ಮಾರ್ಚ್ ೨೫, ಮಂಗಳವಾರ

ಪಾರ್ಕಿನಲ್ಲಿ ನಾಲ್ಕು ಬೆಂಚುಗಳಿವೆ. ನಾಲ್ಕರಲ್ಲೂ ಕೂತೆ. ಬಿರುಸು ಗಿರುಸು ಏನೂ ಇಲ್ಲ. ಸುತ್ತು ಮುಗಿಯಿತು, ಅಷ್ಟೆ. ಸಂಜೆ ಇನ್ನೊಂದು. ಬರೆಯಲು ಶಕ್ತಿ ಇಲ್ಲ.

ಮಾರ್ಚ್ ೨೭, ಗುರುವಾರ

ಮೂರು ಬೆಂಚು.

ಸೊಸೆ ದಾರಿಯುದ್ದಕ್ಕೂ ಮಾತಾಡುತ್ತಾಳೆ. ಅವಳ ಅಮ್ಮನಿಗೂ ನನ್ನದೇ ಮೊಣಕಾಲು ನೋವಂತೆ. ಮದುವೆಯಾದ ಹೊಸತರಲ್ಲಿ ನನ್ನ ಕುರ್ಚಿಯ ಮುಂದೆ ಹಾದು ಹೋಗಬೇಕೆಂದರೆ ಉಸಿರು ಬಿಗಿಹಿಡಿದು ಹೋಗುತ್ತಿದ್ದಳಂತೆ. "ಈಗ?" ಎಂದೆ. "ಈಗ ಕುರ್ಚಿ ಖಾಲಿ ಇರತ್ತಲ್ಲ ಅತ್ತೆ" ಎಂದಳು. ಬಾಯಿ ಬಂದಿದೆ ಇವಳಿಗೆ.

ಮಾರ್ಚ್ ೨೯, ಶನಿವಾರ

ಎರಡು ಬೆಂಚು. ಎಡ ಮೊಣಕಾಲು ಸ್ವಲ್ಪ ಊದಿದೆ. ಅಕ್ಕನ ಉಣ್ಣೆಯ ಪಟ್ಟಿ ಕಟ್ಟಿದ್ದೇನೆ. ಯಾರಿಗೂ ಹೇಳಿಲ್ಲ.

ಮಾರ್ಚ್ ೩೧, ಸೋಮವಾರ

ಅಂಗಡಿಗೆ ಹೋದಾಗ ದರ್ಜಿ ಆಗಲೇ ಬಂದಿದ್ದ. ಮುಖ ಅರಳಿತ್ತು.

"ಮೇಡಂ, ಈ ವಾರದ ಔಷಧಿ ಬಹಳ ಚೆನ್ನಾಗಿತ್ತು. ಇದನ್ನೇ ಮುಂದುವರಿಸಿ. ಮೆಡಿಕಲ್‌ವರೆಗೆ ಬಂದು ಹೋಗೋದು, ಅದೂ ಸಂಜೆ ಒಂದೇ ಸಲ. ಬೆಂಚಿನಲ್ಲಿ ಕೂತು ಹೋಗಬಹುದು ಅಂತ ಬೇರೆ ಬರೆದಿದ್ರಿ. ನನ್ನ ಬೆಂಚಲ್ಲೇ ಕೂತೆ, ಚಹಾ ಕುಡಿದೆ, ಬಂದೆ!"

ಹುಡುಗಿ ಪೆನ್ನು ಕೆಳಗಿಟ್ಟಳು. ಅವನ ಕವರು ನೋಡಿದಳು, ನನ್ನ ಕೈಲಿದ್ದ ಕವರು ನೋಡಿದಳು. ಮುಖ ಸುಣ್ಣದ ಹಾಗಾಯಿತು. ಮೇಜಿನ ಹಿಂದಿನಿಂದ ಓಡಿ ಬಂದು ನನ್ನ ಮುಂದೆ ನೆಲದ ಮೇಲೇ ಕೂತಳು.

"ಅಮ್ಮಾ, ನೀವು ಪಾರ್ಕಿನ ಸುತ್ತು ಹಾಕಿದ್ರಾ? ಏಳು ದಿನವೂ?"

"ಬರೆದಿತ್ತಲ್ಲ."

"ಅದು ಇವರದ್ದು! ನಲವತ್ತೈದು ವರ್ಷದವರಿಗೆ ಬರೆದದ್ದು! ಯಾಕಮ್ಮ ಕೇಳಲಿಲ್ಲ? ಉಸಿರು ಕಟ್ಟಿತಾ? ಎದೆ ನೋವು ಬಂತಾ?" ಕೇಳುತ್ತಲೇ ನನ್ನ ಮೊಣಕಾಲು ಮುಟ್ಟಿ ನೋಡಿದಳು. ಊತ ಸಿಕ್ಕಿಬಿತ್ತು.

ದರ್ಜಿ ನನ್ನನ್ನು ನೋಡಿದ, ನಾನು ಅವನ ಹೊಟ್ಟೆಯನ್ನು ನೋಡಿದೆ. "ನನ್ನ ಸುತ್ತನ್ನೂ ನೀವೇ ಹಾಕಿಬಿಟ್ರಾ ಅಮ್ಮ? ಹಾಗಾದ್ರೆ ನನ್ನ ಶುಗರ್ ಇಳಿದಿರಬೇಕು" ಎಂದ. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ.

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಮೂರು ವಾರದಿಂದ ಬಾಕಿ ಉಳಿದ ಬೈಗುಳವನ್ನೆಲ್ಲ ಒಟ್ಟಿಗೆ ಇಳಿಸಬಹುದಿತ್ತು. ಆದರೆ ಅವಳು ನನ್ನ ಮೊಣಕಾಲಿನಿಂದ ಕೈ ತೆಗೆಯದೆ ಕೂತಿದ್ದಳು. "ಮಾತ್ರೆ ಆಗಿದ್ದಿದ್ರೆ?" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ಮಾತ್ರೆಯನ್ನು ನೀನು ಹೆಸರು ಕೂಗಿ, ಕೈಗೇ ಕೊಡುತ್ತೀಯ. ಅದು ತಪ್ಪಿಲ್ಲ. ಏಳು ಮೇಲೆ. ಬಿಪಿ ನೋಡು" ಎಂದೆ.

ನೂರ ಮೂವತ್ತಾರು.

ಎರಡು ದಿನ ಪೂರ್ತಿ ವಿಶ್ರಾಂತಿ, ಊತಕ್ಕೆ ತಣ್ಣೀರ ಪಟ್ಟಿ, ಆಮೇಲೆ ಪಾರ್ಕಿನ ಗೇಟಿನವರೆಗೆ ಮಾತ್ರ ಎಂದು ಬರೆದಳು. ಕಡಿಮೆ ಮಾಡಬೇಡ ಎಂದೆ. ಕೇಳಲಿಲ್ಲ. ಇನ್ನು ಮೇಲೆ ಖಾಲಿ ಕವರಿನ ಮೇಲೂ ಹೆಸರು ಬರೆಯುತ್ತಾಳಂತೆ, ಓದಿ ಹೇಳಿಯೇ ಕೊಡುತ್ತಾಳಂತೆ.

ಮನೆಗೆ ಬಂದ ಮೇಲೆ ನೆನಪಾಯಿತು. ಆ ಕವರನ್ನು ಅವಳು ಕೊಟ್ಟದ್ದಲ್ಲ, ನಾನೇ ಎತ್ತಿಕೊಂಡದ್ದು.

ಏಪ್ರಿಲ್ ೧, ಮಂಗಳವಾರ

ಫೋನ್ ಮಾಡಿ ಹೇಳಿದೆ.

ಏಪ್ರಿಲ್ ೬, ಭಾನುವಾರ

ಬುಟ್ಟಿ ಇಳಿಯಲಿಲ್ಲ.

ಕಾರಿನ ಬಾಗಿಲು ತೆಗೆದು ಕೂತು, ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದೆ. ಕೊನೆಗೆ ಅಕ್ಕನ ಮಗ ಇಳಿದು ಬಂದ. ಹತ್ತು ದಿನದ ಹಿಂದೆ ಅವಳಿಗೆ ಜ್ವರ ಬಂದಿತ್ತಂತೆ. ಜ್ವರ ಬಿಟ್ಟಿದೆ, ಆದರೆ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಎಬ್ಬಿಸಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ ಎಂದು ಡಾಕ್ಟರು ಹೇಳಿದರೂ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಊಟ ಅರ್ಧವಾಗಿದೆ.

"ನೀವು ಗಾಬರಿಯಾಗ್ತೀರಿ ಅಂತ ಹೇಳಲಿಲ್ಲ ಚಿಕ್ಕಮ್ಮ. ಬೆಳಿಗ್ಗೆಯಿಂದ, ಮೊಂಡಿ ಬಂದಳಾ, ಮೊಂಡಿ ಬಂದಳಾ ಅಂತ ಕೇಳ್ತಿದಾಳೆ."

ಮೊಂಡಿ ಎಂದರೆ ನಾನು. ಆ ಹೆಸರಿನಿಂದ ಕರೆಯುವವರು ಭೂಮಿಯ ಮೇಲೆ ಈಗ ಅವಳೊಬ್ಬಳೇ.

"ಒಂದು ಕುರ್ಚಿ ಮೇಲೆ ಕೂತ್ಕೊಳ್ಳಿ. ನಾನೂ ನಿಮ್ಮ ಮಗನೂ ಎತ್ಕೊಂಡು ಹೋಗ್ತೀವಿ. ಎರಡು ನಿಮಿಷದ ಕೆಲಸ" ಎಂದ.

ಹೋದ ವರ್ಷವೂ ಹೀಗೆಯೇ ಕೇಳಿದ್ದ. ಆಗ, ನಾನೇನು ಮೂಟೆಯಾ ಎಂದು ರೇಗಿದ್ದೆ. ಇವತ್ತು ರೇಗಲಿಲ್ಲ. ಇಳಿದು, ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. ನಾಲ್ಕು ಹತ್ತಿದೆ. ಐದನೆಯದಕ್ಕೆ ಕಾಲು ಎತ್ತಲಾಗಲಿಲ್ಲ. ಬೇಡ ಎಂದು ಹೇಳಿ ವಾಪಸ್ ಬಂದೆ.

ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ಏಪ್ರಿಲ್ ೭, ಸೋಮವಾರ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಹುಡುಗಿಗೆ ಎಲ್ಲ ಹೇಳಿದೆ.

"ಎತ್ಕೊಂಡು ಹೋಗಲಿ ಬಿಡಿ ಅಮ್ಮ" ಎಂದಳು. "ನೋಡೋದು ಮುಖ್ಯ ಅಲ್ವಾ? ಇದರಲ್ಲಿ ಮರ್ಯಾದೆ ಏನು ಬಂತು?"

"ಮರ್ಯಾದೆಯ ಮಾತಲ್ಲ" ಎಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಮರ್ಯಾದೆಯ ಮಾತೂ ಹೌದು. "ನಾನು ಅವಳಿಗಿಂತ ಏಳು ವರ್ಷ ಚಿಕ್ಕವಳು. ನನ್ನನ್ನು ಇಬ್ಬರು ಹೊತ್ತು ತಂದದ್ದನ್ನು ನೋಡಿದರೆ ಅವಳು ಏನು ಅಂದುಕೊಳ್ಳುತ್ತಾಳೆ? ಇವಳಿಗೇ ಆಗದಿದ್ದದ್ದು ನನಗೆಲ್ಲಿ ಆಗುತ್ತೆ ಅಂತ ಇನ್ನೂ ಗಟ್ಟಿಯಾಗಿ ಗೋಡೆ ಕಡೆ ತಿರುಗುತ್ತಾಳೆ. ನನ್ನ ಅಕ್ಕ ನನಗೆ ಗೊತ್ತು."

ಹುಡುಗಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದಳು. ಆಮೇಲೆ, "ಮೂರು ವಾರ ಕೊಡ್ತೀರಾ?" ಎಂದಳು.

"ನನ್ನನ್ನು ಯಾಕೆ ಕೇಳುತ್ತೀ? ಅವಳನ್ನು ಕೇಳಬೇಕು" ಎಂದೆ. ಸೆರಗನ್ನು ಮುಖಕ್ಕೆ ಒತ್ತಿಕೊಂಡೆ. ಹುಡುಗಿ ಏನೂ ನೋಡದವಳ ಹಾಗೆ ಕಪಾಟಿನ ಧೂಳು ಒರೆಸಿದಳು. ಒಳ್ಳೆಯ ಹುಡುಗಿ.

ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅಂಗಡಿಯ ಮೂರು ಮೆಟ್ಟಿಲ ಮೇಲೆ ಪಾಠ ಶುರುಮಾಡಿದಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಒಂದು ಮೆಟ್ಟಿಲಿಗೆ ಎರಡೂ ಕಾಲು ಬಂದ ಮೇಲೆ ಮುಂದಿನದು. ಕಂಬಿ ಬಿಡಬಾರದು. ಅರವತ್ತೆಂಟು ವರ್ಷದಿಂದ ಮೆಟ್ಟಿಲು ಹತ್ತಿದ್ದೇನೆ, ಯಾವ ಕಾಲು ಮೊದಲೆಂದು ಯಾರೂ ಹೇಳಿರಲಿಲ್ಲ. ಅವಸರದಲ್ಲಿದ್ದ ಒಬ್ಬಾತ, "ದಾರಿ ಬಿಡಿ, ತಲೆನೋವಿನ ಮಾತ್ರೆ ಬೇಕು" ಎಂದ. "ನಿಲ್ಲಪ್ಪ, ನನ್ನದು ಐವತ್ತೊಂದು ಇದೆ" ಎಂದೆ. ಅವನಿಗೆ ಏನೂ ಅರ್ಥವಾಗದೆ ನಿಂತ.

ಕವರಿನ ಮೇಲೆ: "ಮನೆಯ ತಾರಸಿ ಮೆಟ್ಟಿಲು. ಮೊದಲ ಮೂರು ದಿನ ೫. ಆಮೇಲೆ ದಿನಕ್ಕೆ ಒಂದು ಹೆಚ್ಚು. ಯಾರಾದರೂ ಹಿಂದೆ ಇರಬೇಕು."

ಏಪ್ರಿಲ್ ೧೩, ಭಾನುವಾರ

ಎಂಟು. ಮಗ ಹಿಂದೆ ನಿಂತು, "ಅಮ್ಮ, ಸಾಕು, ಅಮ್ಮ, ಸಾಕು" ಎನ್ನುತ್ತಾನೆ. ಅವನು ಹಿಂದೆ ಇದ್ದರೆ ಹಿಂದಕ್ಕೇ ಎಳೆದ ಹಾಗಾಗುತ್ತದೆ. ನಾಳೆಯಿಂದ ಸೊಸೆಯೇ ನಿಲ್ಲಲಿ.

ಏಪ್ರಿಲ್ ೨೧, ಸೋಮವಾರ

ಹದಿನಾರು. ತಾರಸಿಗೆ ಬಂದೆ! ಎರಡು ವರ್ಷವಾಗಿತ್ತು ತಾರಸಿ ನೋಡಿ. ಒಗೆದ ಬಟ್ಟೆಗಳನ್ನು ಸೊಸೆ ಉದ್ದುದ್ದಕ್ಕೆ ಹರವಿದ್ದಾಳೆ, ನಾನು ಅಡ್ಡಡ್ಡ ಹರವಬೇಕು ಎಂದು ಹೇಳಿಕೊಟ್ಟಿದ್ದೆ. ಇಷ್ಟು ದಿನ ಕೆಳಗೆ ಹೂಂ ಹೂಂ ಎಂದು ಮೇಲೆ ತನ್ನ ಇಷ್ಟದಂತೆ ಮಾಡುತ್ತಿದ್ದಳು. ಸಿಕ್ಕಿಬಿದ್ದವಳ ಹಾಗೆ ನಾಲಿಗೆ ಕಚ್ಚಿಕೊಂಡಳು.

ಮುಟ್ಟಿ ನೋಡಿದೆ. ಚೆನ್ನಾಗಿ ಒಣಗಿದ್ದವು. ಸುಮ್ಮನೆ ಇಳಿದು ಬಂದೆ.

ಮಧ್ಯಾಹ್ನ ಹುಡುಗಿ ಅಕ್ಕನ ಮಗನಿಗೆ ಫೋನ್ ಮಾಡಿದಳಂತೆ. ಮಹಡಿಗೆ ಹದಿನೇಳರಂತೆ ಮೆಟ್ಟಿಲು, ಪ್ರತಿ ಮಹಡಿಯಲ್ಲೂ ಒಂದು ಸ್ಟೂಲು ಇಡಬೇಕು ಎಂದು ಹೇಳಿದ್ದಾಳೆ. ಇಷ್ಟು ಸಣ್ಣ ವಿಷಯ ಈ ಹದಿನೈದು ತಿಂಗಳಲ್ಲಿ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಹೊತ್ತುಕೊಂಡು ಹೋಗುವುದು, ಇಲ್ಲವೇ ಬಿಡುವುದು, ಎರಡೇ ಗೊತ್ತಿದ್ದದ್ದು.

ಅಕ್ಕ ಹಾಗೆಯೇ ಇದ್ದಾಳಂತೆ.

ಏಪ್ರಿಲ್ ೨೬, ಶನಿವಾರ

ಬೂಟು ಒರೆಸಿಟ್ಟೆ.

ಏಪ್ರಿಲ್ ೨೭, ಭಾನುವಾರ

ಎಲ್ಲವನ್ನೂ ಬರೆಯಬೇಕು.

ಕಾರಿನಿಂದ ಇಳಿದರೆ ಕಟ್ಟಡದ ಬಾಗಿಲಲ್ಲಿ ಔಷಧಿ ಅಂಗಡಿಯ ಹುಡುಗಿ! ಭಾನುವಾರ ಅಂಗಡಿಗೆ ರಜೆ. "ಈ ಕಡೆ ಸ್ವಲ್ಪ ಕೆಲಸ ಇತ್ತಮ್ಮ" ಎಂದಳು. ಕೈಚೀಲದಿಂದ ಬಿಪಿ ಯಂತ್ರದ ರಬ್ಬರಿನ ಕೊಳವೆ ಇಣುಕುತ್ತಿತ್ತು. ಸುಳ್ಳು ಹೇಳಲು ಬರುವುದಿಲ್ಲ ಪಾಪ.

ಮೊದಲ ಹದಿನೇಳು ಸಲೀಸಾಗಿ ಹತ್ತಿದೆ. ಸ್ಟೂಲಿನ ಮೇಲೆ ಕೂತೆ. ಹುಡುಗಿ ನಾಡಿ ನೋಡಿದಳು. ಆ ಮಹಡಿಯ ಮನೆಯವರು ಬಾಗಿಲು ತೆಗೆದು ನೋಡಿದರು. "ಬಾಡಿಗೆಗೆ ಮನೆ ನೋಡಲು ಬಂದಿಲ್ಲ, ಹಾಕಿಕೊಳ್ಳಿ ಬಾಗಿಲು" ಎಂದೆ.

ಎರಡನೆಯ ಮಹಡಿಗೆ ಹತ್ತುವಾಗ ಇಪ್ಪತ್ತೊಂಬತ್ತನೆಯ ಮೆಟ್ಟಿಲಲ್ಲಿ ಕಾಲು ನಿಂತುಬಿಟ್ಟಿತು. ತೊಡೆ ನಡುಗುತ್ತಿತ್ತು. ಕೆಳಗೆ ನೋಡಬಾರದಿತ್ತು, ನೋಡಿದೆ. ಹಿಂದಿನಿಂದ ಮಗ ಶುರುಮಾಡಿದ, "ಅಮ್ಮ, ಸಾಕು, ಇವತ್ತಿಗೆ ಸಾಕು."

"ಸುಮ್ನಿರಿ ನೀವು" ಎಂದಳು ಸೊಸೆ. ಗಂಡನಿಗೆ ಅವಳು ಹಾಗೆ ಗದರಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಬೇರೆ ದಿನವಾಗಿದ್ದರೆ ನಾನು ಬಿಡುತ್ತಿರಲಿಲ್ಲ. "ಅತ್ತೆ, ನನಗೆ ನಾಯಿ ಭಯ" ಎಂದು ತೋಳು ಚಾಚಿದಳು. ನಾಯಿ ಅಲ್ಲೆಲ್ಲೂ ಇರಲಿಲ್ಲ. ತೋಳು ಹಿಡಿದುಕೊಂಡೆ.

ಒಳ್ಳೆಯ ಕಾಲು ಮೊದಲು. ಮೂವತ್ತು. ಮೂವತ್ತೊಂದು. ಎರಡನೆಯ ಸ್ಟೂಲಿನಲ್ಲಿ ಹತ್ತು ನಿಮಿಷ ಕೂತಿದ್ದೆ. ಕೊನೆಯ ಹದಿನೇಳು ಹೇಗೆ ಹತ್ತಿದೆನೋ, ಎಣಿಸಿದ್ದು ಮಾತ್ರ ನೆನಪು.

ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ಬೆನ್ನು ಮಕ್ಕಳ ಬೆನ್ನಿನಷ್ಟಾಗಿತ್ತು. ಕರೆದರೆ ಅವಳಿಗೆ ಕೇಳಿಸುವುದಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಭುಜದ ಮೇಲೆ ಕೈ ಇಟ್ಟೆ. ತಿರುಗಿದಳು. ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಕುರ್ಚಿಯೇನಾದರೂ ಇದೆಯೇ ಎಂದು ಹುಡುಕುವವಳ ಹಾಗೆ. ಆಮೇಲೆ ನನ್ನ ಕಾಲು ನೋಡಿದಳು.

"ಮೊಂಡೀ" ಎಂದಳು. "ಬೂಟು ಹಾಕ್ಕೊಂಡೇ ಒಳಗೆ ಬಂದ್ಯಾ?"

ನಾನು ಅತ್ತುಬಿಟ್ಟೆ. ಮಗ, ಸೊಸೆ, ಅಂಗಡಿಯ ಹುಡುಗಿ ಎಲ್ಲರ ಎದುರು ಅತ್ತೆ. ಅಕ್ಕ ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕೂದಲಲ್ಲಿ ಬೆರಳಾಡಿಸುತ್ತ, "ಎಷ್ಟು ಬೆಳ್ಳಗಾಗಿದೆ, ಎಣ್ಣೆ ಕಂಡು ಯಾವ ಕಾಲವಾಯ್ತೋ" ಎಂದು ಬೈಯುತ್ತಿದ್ದಳು. ಬೈಯುತ್ತ ಬೈಯುತ್ತ ಅವಳು ಎದ್ದು ಕೂತಿದ್ದಾಳೆಂದು ನಮಗೆ ಆಮೇಲೆ ಗೊತ್ತಾಯಿತು.

ಹೊರಡುವ ಮೊದಲು ಹುಡುಗಿಯನ್ನು ಕೇಳಿದೆ, "ಕವರು ಇದೆಯಾ?"

ಇತ್ತು. ಪೆನ್ನೂ ಕೊಟ್ಟಳು. ಅವಳೂ ಅಕ್ಕನ ಮಗನೂ ಡಾಕ್ಟರು ಹೇಳಿದ್ದನ್ನು ಇನ್ನೊಮ್ಮೆ ಮಾತಾಡಿಕೊಂಡರು. ನಾನು ಸೂರ್ಯ ಬಿಡಿಸಿದೆ, ಚಂದ್ರ ಬಿಡಿಸಿದೆ. ಬರೆದೆ: "ಹಾಸಿಗೆಯಿಂದ ಕಿಟಕಿಯವರೆಗೆ. ಬೆಳಿಗ್ಗೆ ೧, ಸಂಜೆ ೧. ಮಗನ ಕೈ ಹಿಡಿದುಕೊಂಡು." ಮೇಲೆ ಅವಳ ಹೆಸರು ಬರೆಯಲು ಮರೆಯಲಿಲ್ಲ. ಹಿಂದೆ ಏಳು ಮನೆ ಗೀಟು ಹಾಕಿ ಅಕ್ಕನ ಕೈಗೆ ಕೊಟ್ಟೆ.

ಅವಳು ದೂರ ಹಿಡಿದು ಓದಿದಳು. "ಸೂರ್ಯ ಇಷ್ಟು ಸೊಟ್ಟಗಿರ್ತಾನಾ?" ಎಂದಳು. ಕವರನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

ಇಳಿಯುವಾಗ ನೋಯುವ ಕಾಲು ಮೊದಲು.

ಏಪ್ರಿಲ್ ೨೮, ಸೋಮವಾರ

ಮೈಕೈ ನೋವು. ಹುಡುಗಿ ವಿಶ್ರಾಂತಿ ಎಂದು ಬರೆದಿದ್ದಾಳೆ, ಅದನ್ನೂ ಪಾಲಿಸಿದೆ.

ಸಂಜೆ ಕುರ್ಚಿಯನ್ನು ಅಲ್ಲಿಂದ ತೆಗೆಸಿ ಕಿಟಕಿಯ ಹತ್ತಿರ ಹಾಕಿಸಿದೆ. ಇಲ್ಲಿಂದ ಅಡುಗೆಮನೆ ಕಾಣುವುದಿಲ್ಲ. ಬೀದಿ ಕಾಣುತ್ತದೆ. ದರ್ಜಿ ಅಂಗಡಿಯಿಂದ ಹೊರಗೆ ಬಂದು ನಿಂತು, ಪಾರ್ಕಿನ ಕಡೆ ನೋಡಿ, ಮತ್ತೆ ಒಳಗೆ ಹೋಗುವುದರಲ್ಲಿದ್ದ. ಗೇ‌ಟಿನವರೆಗೆ ಹೋಗಿ ಕೂಗಿದೆ, "ಏನಪ್ಪಾ, ನಿನ್ನ ಸುತ್ತು ಯಾರು ಹಾಕಬೇಕು?" ಓಡಿದ.

ಮೇ ೪, ಭಾನುವಾರ

ಮೊದಲ ಭಾನುವಾರ. ಕಾರಿನಿಂದ ಇಳಿದು ತಲೆ ಎತ್ತಿದೆ. ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ. ಇರಲಿ, ನಾನೇ ಹೋಗುತ್ತೇನಲ್ಲ ಎಂದು ಬೂಟಿನ ದಾರ ಬಿಗಿ ಮಾಡಿಕೊಳ್ಳಲು ಬಗ್ಗಿದೆ. ಸೊಸೆ ನನ್ನ ಭುಜ ತಟ್ಟಿದಳು.

ಬುಟ್ಟಿ ಇಳಿಯುತ್ತಿತ್ತು. ಸೊಟ್ಟಗೆ, ಗೋಡೆಗೆ ತಾಗುತ್ತ, ಒಂದೊಂದೇ ಗೇಣು. ಮೇಲೆ ಅಕ್ಕ, ಒಂದು ಕೈ ಮಗನ ತೋಳಿನಲ್ಲಿ, ಇನ್ನೊಂದು ಹಗ್ಗದ ಮೇಲೆ.

ಬುಟ್ಟಿಯಲ್ಲಿ ಹಣ್ಣಿರಲಿಲ್ಲ, ಉಣ್ಣೆ ಇರಲಿಲ್ಲ. ಕವರು ಇತ್ತು. ಹಿಂದೆ ಏಳೂ ಮನೆಯಲ್ಲಿ ಎರಡೆರಡು ಗುರುತು. ಸೊಟ್ಟ ಸೂರ್ಯನ ಪಕ್ಕದಲ್ಲಿ ಅವಳು ಇನ್ನೊಬ್ಬ ಸೂರ್ಯನನ್ನು ಬಿಡಿಸಿದ್ದಳು, ಬಳೆಯಷ್ಟು ದುಂಡಗೆ. ಅದರ ಕೆಳಗೆ, ನನಗೆ ಅಕ್ಷರ ಕಲಿಸಿದ ಅದೇ ಕೈಯಲ್ಲಿ:

"ಔಷಧಿ ಮುಗಿಯಿತು. ಮುಂದಿನದು ಬರೆದುಕೊಡು. ಬುಟ್ಟಿಯಲ್ಲಿ ಕಳಿಸಿದರೆ ತೆಗೆದುಕೊಳ್ಳುವುದಿಲ್ಲ. ನೀನೇ ಬರಬೇಕು."

ಇವತ್ತು ಮೊದಲನೆಯ ಸ್ಟೂಲಿನಲ್ಲಿ ಕೂರಲಿಲ್ಲ.